ಒಂದು ಸ್ಟಾರ್‌ನ ಗದ್ದಲದಲ್ಲಿ ಕಳೆದುಹೋದ ದೂರು

2024ರ ಜೂನ್ 13ರಂದು ‘ದಿ ಬಾಯ್ಸ್’ ಸರಣಿಯ ನಾಲ್ಕನೇ ಸೀಸನ್ ಅಮೆಜಾನ್‌ನ ಪ್ರೈಮ್ ವಿಡಿಯೊದಲ್ಲಿ ಶುರುವಾಯಿತು. ಕೆಲವೇ ದಿನಗಳಲ್ಲಿ, ಸಿನಿಮಾ ಮತ್ತು ಸರಣಿಗಳ ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮ್ಯಾಟೋಸ್ ಜಾಲತಾಣದಲ್ಲಿ ಎರಡು ಅಂಕಗಳು ಎದುರುಬದುರಾಗಿ ನಿಂತವು. ವಿಮರ್ಶಕರ ಕಡೆಯಿಂದ ನೂರಕ್ಕೆ 90ಕ್ಕೂ ಮೇಲೆ, ಪ್ರೇಕ್ಷಕರ ಕಡೆಯಿಂದ 50ರ ಆಸುಪಾಸು. ಐದು ವರ್ಷ ಹಿಂದೆ ಮೊದಲ ಸೀಸನ್ ಬಂದಾಗ ಇದೇ ಪ್ರೇಕ್ಷಕರ ಅಂಕ 90ರ ಹತ್ತಿರವಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಸ್ಥಿತಿ.

ಈ ಅಂತರಕ್ಕೆ ಎರಡು ಸಿದ್ಧ ವಿವರಣೆಗಳು ಕೂಡಲೇ ಹೊರಬಿದ್ದವು. ಸರಣಿಯನ್ನು ದ್ವೇಷಿಸುವವರು, ವಿಮರ್ಶಕರು ತಮ್ಮ ರಾಜಕೀಯಕ್ಕೆ ಹೊಂದುವ ಯಾವುದನ್ನಾದರೂ ಹೊಗಳುತ್ತಾರೆ ಎಂದರು. ಪ್ರೀತಿಸುವವರು, ಇದು ಬಲಪಂಥೀಯರ ಸಂಘಟಿತ ರಿವ್ಯೂ ಬಾಂಬಿಂಗ್ (ಅಂಕ ಬೀಳಿಸಲೆಂದೇ ಗುಂಪಾಗಿ ಕೆಟ್ಟ ಅಭಿಪ್ರಾಯ ಸುರಿಯುವುದು), ಲೆಕ್ಕಕ್ಕೇ ಇಲ್ಲ ಎಂದರು. ಎರಡನೆಯ ವಿವರಣೆಯಲ್ಲಿ ಸತ್ಯ ಹೆಚ್ಚಿದೆ ಎಂದು ನನಗೂ ಅನ್ನಿಸುತ್ತದೆ. ಆದರೆ ನನಗೆ ಹೆಚ್ಚು ತೊಂದರೆ ಕೊಡುವುದೂ ಅದೇ. ಸಾಮೂಹಿಕವಾಗಿ ಒಂದು ಸ್ಟಾರ್ ಒತ್ತಿ ಹೋಗುವವರಿಂದ ಸರಣಿಗೆ ಆಗುವ ನಷ್ಟ ಅಷ್ಟಕ್ಕಷ್ಟೆ. ನಿಜವಾದ ನಷ್ಟ ಆಗುವುದು ಸರಣಿಯನ್ನು ಮೊದಲಿನಿಂದ ನೋಡಿಕೊಂಡು ಬಂದು, ಈ ಸಲ ಪ್ರಾಮಾಣಿಕವಾಗಿ ಬೇಸರಗೊಂಡ ಪ್ರೇಕ್ಷಕನಿಗೆ. ಅವನ ದೂರನ್ನು ಕೇಳುವವರೇ ಇಲ್ಲದಂತಾಗುತ್ತದೆ.

ಸರಣಿ ಗೊತ್ತಿಲ್ಲದವರಿಗೆ ಎರಡು ಮಾತು. ಗಾರ್ತ್ ಎನಿಸ್ ಬರೆದು ಡಾರಿಕ್ ರಾಬರ್ಟ್‌ಸನ್ ಚಿತ್ರಿಸಿದ ಕಾಮಿಕ್ಸ್ ಇದರ ಮೂಲ. ಇಲ್ಲಿನ ಸೂಪರ್‌ಹೀರೊಗಳ ಶಕ್ತಿ ದೈವದತ್ತವಲ್ಲ, ವಾಟ್ ಎಂಬ ಕಂಪನಿ ಕೂಸುಗಳಿಗೆ ಗುಟ್ಟಾಗಿ ಚುಚ್ಚಿಸಿದ ‘ಕಾಂಪೌಂಡ್ ವಿ’ ಎಂಬ ರಾಸಾಯನಿಕದ ಫಲ. ವೀರರು ಕಂಪನಿಯ ಸರಕು. ಅವರಿಗೆ ಸಿನಿಮಾ ಒಪ್ಪಂದಗಳಿವೆ, ಜನಪ್ರಿಯತೆಯ ಅಂಕಿ ಅಂಶಗಳಿವೆ, ಮಾತು ಬರೆದುಕೊಡುವ ಪ್ರಚಾರ ವಿಭಾಗವಿದೆ. ಅವರ ನಾಯಕ ಹೋಮ್‌ಲ್ಯಾಂಡರ್. ಆಂಟನಿ ಸ್ಟಾರ್ ನಟಿಸಿರುವ ಈ ಪಾತ್ರ ಅಮೆರಿಕದ ಧ್ವಜವನ್ನೇ ಹೊದ್ದ ಕೊಲೆಗಡುಕ. ಎರಿಕ್ ಕ್ರಿಪ್ಕಿ ಸರಣಿಯ ನಿರ್ಮಾತೃ.

ಮೊದಲು ಅಂಕಗಳ ಹುಟ್ಟನ್ನು ನೋಡೋಣ, ಏಕೆಂದರೆ ಅರ್ಧ ಗೊಂದಲ ಅಲ್ಲಿಯೇ ಇದೆ. ರಾಟನ್ ಟೊಮ್ಯಾಟೋಸ್‌ನಲ್ಲಿ ವಿಮರ್ಶಕರ ಅಂಕ ಎಂದರೆ ಸರಾಸರಿ ಅಂಕವಲ್ಲ. ಎಷ್ಟು ಪ್ರತಿಶತ ವಿಮರ್ಶಕರು ‘ಪರವಾಗಿಲ್ಲ’ ಎಂಬ ಗೆರೆಯ ಮೇಲಿದ್ದಾರೆ ಎಂಬ ಲೆಕ್ಕ. ಹತ್ತು ಮಂದಿ ವಿಮರ್ಶಕರು ತಲಾ ಹತ್ತಕ್ಕೆ ಆರು ಕೊಟ್ಟರು ಎನ್ನಿ. ಎಲ್ಲರದೂ ಒಪ್ಪಿಗೆ ಎಂದಾಗಿ ಅಂಕ 100 ಆಗುತ್ತದೆ. ಯಾರೂ ಕುಣಿದಾಡಿಲ್ಲ, ಆದರೂ ನೂರಕ್ಕೆ ನೂರು. ಮೆಟಾಕ್ರಿಟಿಕ್ ಎಂಬ ಇನ್ನೊಂದು ತಾಣ ವಿಮರ್ಶೆಯ ತೂಕ ನೋಡಿ ಸರಾಸರಿ ತೆಗೆಯುತ್ತದೆ. ಅಲ್ಲಿ ‘ದಿ ಬಾಯ್ಸ್’ ನಾಲ್ಕನೇ ಸೀಸನ್‌ಗೆ ಸಿಕ್ಕಿದ್ದು 70ರಿಂದ 80ರ ನಡುವಿನ ಅಂಕ. ಅಂದರೆ ವಿಮರ್ಶಕರ ಮನಸ್ಸಿನಲ್ಲೂ ‘ಚೆನ್ನಾಗಿದೆ, ಆದರೆ’ ಎಂಬ ರಾಗ ಇತ್ತು. ಒಂದು ತಾಣದ ಲೆಕ್ಕದ ವಿಧಾನ ಆ ‘ಆದರೆ’ಯನ್ನು ನುಂಗಿಹಾಕಿತು.

ಇನ್ನೊಂದು ಸಂಗತಿ ಓದುಗರ ಗಮನಕ್ಕೆ ಬರುವುದೇ ಇಲ್ಲ. ಸರಣಿಯೊಂದು ಬಿಡುಗಡೆಯಾಗುವ ಮುನ್ನ ವಿಮರ್ಶಕರಿಗೆ ಎಲ್ಲ ಕಂತುಗಳನ್ನೂ ಕಳುಹಿಸುವುದು ಕಡಿಮೆ. ಮಾರ್ವೆಲ್‌ನ ಸೂಪರ್‌ಹೀರೊ ಸರಣಿ ‘ಶೀ ಹಲ್ಕ್’ನ ಒಂಬತ್ತು ಕಂತುಗಳಲ್ಲಿ ಮೊದಲಿಗೆ ಅವರ ಕೈಗೆ ಹೋದದ್ದು ನಾಲ್ಕು. ಹೀಗಾಗಿ ವಿಮರ್ಶಕರ ಅಂಕ ಬಹಳ ಸಲ ಸೀಸನ್‌ನ ಮೊದಲರ್ಧದ ಅಂಕ. ಪ್ರೇಕ್ಷಕರ ಅಂಕ ಕೊನೆಯ ಕಂತಿನ ನಂತರವೂ ಅಲುಗಾಡುತ್ತಿರುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸುವಾಗ ನಾವು ಹೋಲಿಸುತ್ತಿರುವುದು ಒಂದೇ ವಸ್ತುವನ್ನಲ್ಲ.

ಪ್ರೇಕ್ಷಕರ ಅಂಕದ ಕಥೆ ಇನ್ನೂ ಸಡಿಲ. ಸಿನಿಮಾ ವಿಷಯದಲ್ಲಿ ರಾಟನ್ ಟೊಮ್ಯಾಟೋಸ್ 2019ರಲ್ಲಿ ಎರಡು ಬೇಲಿ ಹಾಕಿತು. ‘ಕ್ಯಾಪ್ಟನ್ ಮಾರ್ವೆಲ್’ ಚಿತ್ರದ ಮೇಲೆ ಬಿಡುಗಡೆಗೂ ಮುನ್ನವೇ ದಾಳಿ ನಡೆಯುತ್ತಿದ್ದ ಹೊತ್ತಿನಲ್ಲಿ, ಬಿಡುಗಡೆಗೆ ಮೊದಲು ಅಭಿಪ್ರಾಯ ಬರೆಯುವ ಅವಕಾಶವನ್ನು ತೆಗೆದುಹಾಕಿತು. ಕೆಲವೇ ತಿಂಗಳಲ್ಲಿ ಟಿಕೆಟ್ ಕೊಂಡದ್ದು ಖಚಿತವಾದವರ ಅಂಕವನ್ನು ಬೇರೆಯಾಗಿ ತೋರಿಸಲು ಆರಂಭಿಸಿತು. ಮನೆಯಲ್ಲಿ ಕೂತು ನೋಡುವ ಸರಣಿಗೆ ಟಿಕೆಟ್ ಎಲ್ಲಿಂದ ಬರಬೇಕು? ಖಾತೆಯೊಂದಿದ್ದರೆ ಸಾಕು, ನೋಡಿದವರೂ ನೋಡದವರೂ ಅಲ್ಲಿ ಸಮಾನರು. ಜೊತೆಗೆ ಮನುಷ್ಯಸ್ವಭಾವ ಬೇರೆ ಇದೆ: ತುಂಬ ಖುಷಿಯಾದವರು ಮತ್ತು ತುಂಬ ಸಿಟ್ಟಾದವರು ಮಾತ್ರ ಎದ್ದು ಬಂದು ಬರೆಯುತ್ತಾರೆ. ‘ಏನೋ, ನೋಡಬಹುದು’ ಎಂದುಕೊಂಡವನು ಟಿವಿ ಆರಿಸಿ ಮಲಗುತ್ತಾನೆ.

‘ದಿ ಬಾಯ್ಸ್’ಗೆ ಒಂದು ಸ್ಟಾರ್‌ಗಳ ಮಳೆ ಹೊಸದೂ ಅಲ್ಲ. ಮೊದಲ ಸಲ ಅದು ಸುರಿದದ್ದಕ್ಕೂ ರಾಜಕೀಯಕ್ಕೂ ಸಂಬಂಧವೇ ಇರಲಿಲ್ಲ. 2019ರಲ್ಲಿ ಮೊದಲ ಸೀಸನ್‌ನ ಎಂಟೂ ಕಂತುಗಳು ಒಂದೇ ದಿನ ಬಂದಿದ್ದವು. 2020ರ ಸೆಪ್ಟೆಂಬರ್ 4ರಂದು ಎರಡನೇ ಸೀಸನ್ ಬಂದಾಗ ಮೂರೇ ಕಂತು, ಉಳಿದವು ವಾರಕ್ಕೊಂದು. ಇಷ್ಟಕ್ಕೇ ಅಮೆಜಾನ್ ತಾಣದಲ್ಲಿ ಒಂದು ಸ್ಟಾರ್‌ಗಳು ಬಂದು ಬಿದ್ದವು. ಸ್ವಾರಸ್ಯವೆಂದರೆ, ಅನೇಕರು ಸರಣಿ ಚೆನ್ನಾಗಿದೆ ಎಂದು ಬರೆದೇ ಒಂದು ಸ್ಟಾರ್ ಕೊಟ್ಟರು. ಕಂತುಗಳ ನಡುವೆ ಜನ ಮಾತಾಡಿಕೊಳ್ಳಲಿ ಎಂದು ತಾವೇ ಕೇಳಿ ಮಾಡಿಸಿದ ಏರ್ಪಾಡು ಇದು, ಕಂಪನಿಯ ದುರಾಸೆಯಲ್ಲ ಎಂದು ಕ್ರಿಪ್ಕಿ ವಿವರಿಸಬೇಕಾಯಿತು.

ಆ ಘಟನೆಯಲ್ಲಿ ಒಂದು ಬದಲಾವಣೆ ಸ್ಪಷ್ಟವಾಗಿ ಕಾಣುತ್ತದೆ. ಅಂಕ ಎನ್ನುವುದು ಕೃತಿಯ ಬಗೆಗಿನ ತೀರ್ಪಾಗಿ ಉಳಿದಿಲ್ಲ, ಅದು ಮನವಿಪತ್ರವಾಗಿದೆ, ಕೆಲವೊಮ್ಮೆ ಘೋಷಣೆಯ ಫಲಕ. ವೇಳಾಪಟ್ಟಿಯ ಮೇಲಿನ ಸಿಟ್ಟು, ಪಾತ್ರಧಾರಿಯ ಮೇಲಿನ ಸಿಟ್ಟು, ಕಂಪನಿಯ ಮೇಲಿನ ಸಿಟ್ಟು ಎಲ್ಲವೂ ಅದೇ ಐದು ಸ್ಟಾರ್‌ಗಳ ಪೆಟ್ಟಿಗೆಯೊಳಗೆ ಬಂದು ಬೀಳುತ್ತವೆ. ಆಚೆಯಿಂದ ನೋಡುವವರಿಗೆ ಯಾವುದು ಯಾವುದೆಂದು ಬಿಡಿಸಲು ಸಾಧ್ಯವಿಲ್ಲ.

ಇನ್ನು ರಾಜಕೀಯಕ್ಕೆ ಬರೋಣ. ಮೂರನೇ ಸೀಸನ್‌ನ ಕೊನೆಯ ನಿಮಿಷಗಳನ್ನು ನೋಡದೆ ಈ ಚರ್ಚೆ ಮುಂದಕ್ಕೆ ಹೋಗುವುದಿಲ್ಲ. ಹೋಮ್‌ಲ್ಯಾಂಡರ್ ತನ್ನ ಮಗ ರಯಾನ್‌ನನ್ನು ಬೆಂಬಲಿಗರ ಗುಂಪಿನ ಮುಂದೆ ತಂದು ನಿಲ್ಲಿಸಿ ಪರಿಚಯಿಸುತ್ತಾನೆ. ಎದುರು ಗುಂಪಿನವನೊಬ್ಬ ಎಸೆದ ಡಬ್ಬಿ ಹುಡುಗನಿಗೆ ಬಡಿಯುತ್ತದೆ. ಮರುಕ್ಷಣ ಹೋಮ್‌ಲ್ಯಾಂಡರ್ ಕಣ್ಣಿನಿಂದ ಕೆಂಪು ಕಿರಣ ಹೊರಟು ಎಸೆದವನ ತಲೆ ಸಿಡಿಯುತ್ತದೆ. ಎಲ್ಲ ಸ್ತಬ್ಧ. ಕ್ಯಾಮೆರಾ ಹೋಮ್‌ಲ್ಯಾಂಡರ್ ಮುಖದ ಮೇಲೆ ನಿಲ್ಲುತ್ತದೆ: ಇಷ್ಟು ದಿನ ಮರೆಯಲ್ಲಿ ಮಾಡುತ್ತಿದ್ದುದನ್ನು ಹಗಲಿನಲ್ಲಿ, ನೂರಾರು ಮಂದಿಯ ಎದುರು ಮಾಡಿಬಿಟ್ಟೆ ಎಂಬ ಅಳುಕು ಅಲ್ಲಿದೆ. ಆಗ ಗುಂಪಿನಿಂದ ಒಬ್ಬ, ಟಾಡ್ ಎಂಬ ಸಾಮಾನ್ಯ ಗೃಹಸ್ಥ, ಕೈಯೆತ್ತಿ ಕೇಕೆ ಹಾಕುತ್ತಾನೆ. ಪಕ್ಕದವರು ದನಿಗೂಡಿಸುತ್ತಾರೆ, ಆಮೇಲೆ ಇಡೀ ಗುಂಪು. ಹೋಮ್‌ಲ್ಯಾಂಡರ್ ಮುಖದ ಅಳುಕು ಕರಗಿ ಅಲ್ಲೊಂದು ನಗೆ ಮೂಡುತ್ತದೆ. ಅಪ್ಪನನ್ನು ನೋಡಿ ಮಗನೂ ನಗುತ್ತಾನೆ.

ಕೊಲೆಗಿಂತ ಭಯ ಹುಟ್ಟಿಸುವುದು ಆ ಕೇಕೆ. ತನ್ನ ಪ್ರೇಕ್ಷಕರು ಎಲ್ಲಿಯವರೆಗೆ ತನ್ನ ಜೊತೆ ಬರುತ್ತಾರೆ ಎಂದು ಅವನು ಆ ಕ್ಷಣದಲ್ಲಿ ಕಂಡುಕೊಂಡ. ಆ ದೃಶ್ಯದ ವಸ್ತುವೇ ಪ್ರೇಕ್ಷಕವರ್ಗ. ಹಾಗಾಗಿಯೇ ಸರಣಿಯ ಸ್ವಾಗತದ ಬಗ್ಗೆ ಮಾತನಾಡುವವರು ಮತ್ತೆ ಮತ್ತೆ ಅಲ್ಲಿಗೆ ಹಿಂದಿರುಗುತ್ತಾರೆ. 2022ರ ಹೊತ್ತಿಗೆ ನಿಜಲೋಕದಲ್ಲೂ ಒಂದು ವಿಚಿತ್ರ ಎದ್ದಿತ್ತು. ಮೂರು ಸೀಸನ್‌ಗಳ ಕಾಲ ಹೋಮ್‌ಲ್ಯಾಂಡರ್‌ನನ್ನು ನಾಯಕನೆಂದೇ ಮೆಚ್ಚಿಕೊಂಡು ಬಂದಿದ್ದ ಕೆಲವರಿಗೆ ಅವನು ಖಳನೆಂದೂ, ಅವನ ಸುತ್ತಲಿನ ವಿಡಂಬನೆ ತಮ್ಮನ್ನು ಕುರಿತದ್ದೆಂದೂ ತಡವಾಗಿ ಹೊಳೆಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಎರಡನೇ ಸೀಸನ್‌ನಲ್ಲಿ ಬಂದ ಸ್ಟಾರ್ಮ್‌ಫ್ರಂಟ್ ಎಂಬ ಸೂಪರ್‌ಹೀರೊ ನಾಜಿ ಎಂಬುದು ಬಯಲಾದ ಮೇಲೂ ಇದು ಹೊಳೆಯದೆ ಹೋದದ್ದು ಹೇಗೆ ಎಂದು ಕೇಳಬಹುದು. ಆಂಟನಿ ಸ್ಟಾರ್ ಅಷ್ಟು ಆಕರ್ಷಕವಾಗಿ ನಟಿಸುತ್ತಾರೆ ಎಂಬುದು ನನ್ನ ಉತ್ತರ. ವಿಡಂಬನೆಗೆ ಇದು ಹಳೆಯ ಕಾಯಿಲೆ.

ನಾಲ್ಕನೇ ಸೀಸನ್ ಶುರುವಾಗುವುದೇ ಆ ಕೊಲೆಯ ವಿಚಾರಣೆಯಿಂದ. ಹೋಮ್‌ಲ್ಯಾಂಡರ್ ನಿರ್ದೋಷಿಯಾಗಿ ಹೊರಬರುತ್ತಾನೆ. ಪಿತೂರಿ ಸಿದ್ಧಾಂತಗಳನ್ನು ಮಾರಿ ಬದುಕುವ ಫೈರ್‌ಕ್ರ್ಯಾಕರ್ ಎಂಬ ಹೊಸ ಪಾತ್ರ ಬರುತ್ತದೆ. ವ್ಯಂಗ್ಯ ಈಗ ಮರೆಯಲ್ಲಿಲ್ಲ, ಬೆರಳು ತೋರಿಸಿ ಮಾತನಾಡುತ್ತದೆ. ಇಂಥ ಸರಣಿ ಬೇಡವೆನಿಸಿದವರು ಬೇರೆ ಏನಾದರೂ ನೋಡಿಕೊಳ್ಳಬಹುದು ಎಂಬರ್ಥದಲ್ಲಿ ಕ್ರಿಪ್ಕಿ ಸಂದರ್ಶನದಲ್ಲಿ ಹೇಳಿಯೂ ಬಿಟ್ಟರು. ಅಲ್ಲಿಗೆ ಕದನದ ಗೆರೆ ಸ್ಪಷ್ಟವಾಯಿತು. ಜುಲೈ 13ರಂದು ಡೊನಾಲ್ಡ್ ಟ್ರಂಪ್ ಮೇಲೆ ಹತ್ಯಾಯತ್ನ ನಡೆದಾಗ ಕೊನೆಯ ಕಂತು ಐದೇ ದಿನ ದೂರವಿತ್ತು. ಅದರಲ್ಲಿ ಚುನಾಯಿತ ಅಧ್ಯಕ್ಷನನ್ನು ಕೊಲ್ಲುವ ಸಂಚಿನ ಕಥೆಯಿತ್ತು. ಕಂತಿನ ಹೆಸರನ್ನು ಬದಲಾಯಿಸಿ, ಮುನ್ನೆಚ್ಚರಿಕೆಯ ಬರಹ ಸೇರಿಸಿ ಬಿಡುಗಡೆ ಮಾಡಿದರು.

ಈ ಗದ್ದಲದ ನಡುವೆ ಬೇರೆಯೇ ಒಂದು ದೂರು ಇತ್ತು, ಅದು ಬಂದದ್ದು ಸರಣಿಯ ರಾಜಕೀಯವನ್ನು ಒಪ್ಪುವವರಿಂದಲೇ. ಕಥೆ ನಿಂತಲ್ಲೇ ನಿಂತಿದೆ ಎಂಬುದು ಅದರ ಒಂದು ಮುಖ. ಸೂಪರ್‌ಹೀರೊಗಳ ವಿರುದ್ಧ ಹೋರಾಡುವ ‘ಬಾಯ್ಸ್’ ತಂಡದಲ್ಲಿ ಹ್ಯೂಯಿಯ ತಂದೆಯ ಆಸ್ಪತ್ರೆಯ ಕಥೆ, ಫ್ರೆಂಚಿಯ ಪಶ್ಚಾತ್ತಾಪದ ಕಥೆ, ಬುಚರ್‌ನ ಮೆದುಳಿನ ಗೆಡ್ಡೆಯೂ ಭ್ರಮೆಗಳೂ ಸೇರಿದ ಕಥೆ ಹೀಗೆ ಎಲ್ಲರಿಗೂ ಒಂದೊಂದು ಕಿರುದಾರಿ ಕೊಟ್ಟು, ಹೆದ್ದಾರಿಯಲ್ಲಿ ಮಾತ್ರ ಕೊನೆಯ ಕಂತಿನವರೆಗೆ ಏನೂ ಸಾಗಲಿಲ್ಲ. ಅಂತಿಮ ಸೀಸನ್‌ಗೆ ಕಾಯಿ ಜೋಡಿಸುವ ಕೆಲಸವೇ ಹೆಚ್ಚಾಯಿತು. ಕ್ರಿಪ್ಕಿ ಐದನೆಯದೇ ಕೊನೆಯ ಸೀಸನ್ ಎಂದು ಪ್ರಕಟಿಸಿದ್ದು ನಾಲ್ಕನೆಯದು ಶುರುವಾಗುವ ಹೊಸ್ತಿಲಲ್ಲಿಯೇ, ಹಾಗಾಗಿ ಪ್ರೇಕ್ಷಕನಿಗೆ ಈ ಅನುಮಾನ ಮೊದಲ ದಿನದಿಂದ ಇತ್ತು.

ಇನ್ನೊಂದು ಮುಖ ಹೆಚ್ಚು ಗಂಭೀರ. ಆರನೇ ಕಂತಿನಲ್ಲಿ ಹ್ಯೂಯಿ ವೇಷ ಮರೆಸಿಕೊಂಡು ಟೆಕ್ ನೈಟ್ ಎಂಬ ಸೂಪರ್‌ಹೀರೊನ ಬಂಗಲೆಗೆ ನುಗ್ಗುತ್ತಾನೆ, ಸಿಕ್ಕಿಬೀಳುತ್ತಾನೆ, ಅಲ್ಲಿ ಅವನ ಮೇಲೆ ಲೈಂಗಿಕ ಹಿಂಸೆ ನಡೆಯುತ್ತದೆ. ದೃಶ್ಯವನ್ನು ಕಟ್ಟಿರುವುದು ಹಾಸ್ಯವಾಗಿ. ಅದು ತಮಾಷೆಯ ದೃಶ್ಯವೇ ಎಂಬಂತೆ ಕ್ರಿಪ್ಕಿ ಸಂದರ್ಶನದಲ್ಲೂ ಮಾತನಾಡಿದರು. ಸೀಸನ್‌ನ ಕೊನೆಯ ಭಾಗದಲ್ಲಿ ರೂಪ ಬದಲಿಸಬಲ್ಲ ಹೆಂಗಸೊಬ್ಬಳು ಹ್ಯೂಯಿಯ ಗೆಳತಿ ಆನಿಯ ವೇಷದಲ್ಲಿ ಅವನ ಜೊತೆ ಮಲಗುತ್ತಾಳೆ. ಮೋಸಹೋದ ಹ್ಯೂಯಿ, ಗೊತ್ತಾಗಲಿಲ್ಲವೇ ಎಂಬ ಆನಿಯ ಸಿಟ್ಟಿಗೆ ತಲೆ ತಗ್ಗಿಸಬೇಕಾಗುತ್ತದೆ. ಮೊದಲ ಸೀಸನ್‌ನಲ್ಲಿ ಸ್ಟಾರ್‌ಲೈಟ್‌ಗೆ, ಅಂದರೆ ಇದೇ ಆನಿಗೆ, ಆದ ಲೈಂಗಿಕ ದೌರ್ಜನ್ಯವನ್ನು ಅಷ್ಟು ಹೊಣೆಯರಿತು ಚಿತ್ರಿಸಿದ್ದ ಸರಣಿ, ಬಲಿಯಾದವನು ಗಂಡಸು ಎಂದಾಗ ನಗೆಯ ಮೊರೆಹೊಕ್ಕದ್ದು ಏಕೆ? ಇದು ನ್ಯಾಯವಾದ ಪ್ರಶ್ನೆ. ಸರಣಿಯ ಮೌಲ್ಯಗಳನ್ನೇ ಹಿಡಿದು ಕೇಳಿದ ಪ್ರಶ್ನೆ. ಆದರೆ ಅಂಕಪಟ್ಟಿಯಲ್ಲಿ ಅದಕ್ಕೆ ಬೇರೆ ಗುರುತಿಲ್ಲ. ಈ ಕಾರಣಕ್ಕೆ ಎರಡು ಸ್ಟಾರ್ ಕೊಟ್ಟವಳೂ, ಒಂದು ಕಂತನ್ನೂ ನೋಡದೆ ಒಂದು ಸ್ಟಾರ್ ಒತ್ತಿದವನೂ ಕೆಳಗಿನ ಆ 50ರ ಪಾಲುದಾರರೇ. ‘ಅದೆಲ್ಲ ರಿವ್ಯೂ ಬಾಂಬಿಂಗ್’ ಎಂಬ ಒಂದೇ ಮಾತಿಗೆ ಇಬ್ಬರೂ ಕೊಚ್ಚಿಹೋಗುತ್ತಾರೆ.

ಇದಕ್ಕೆ ಎದುರಾಗಿ 2007ರ ಒಂದು ಪ್ರಸಂಗವನ್ನು ಇಡಬೇಕೆನಿಸುತ್ತದೆ. ಎನ್‌ಬಿಸಿ ವಾಹಿನಿಯ ‘ಹೀರೋಸ್’ 2006ರಲ್ಲಿ ಅಬ್ಬರದಿಂದ ಶುರುವಾಗಿತ್ತು. ಸಾಮಾನ್ಯ ಜನರಿಗೆ ಇದ್ದಕ್ಕಿದ್ದಂತೆ ಶಕ್ತಿ ಬರುವ ಕಥೆ, ಅಮೆರಿಕದಲ್ಲಿ ಮೊದಲ ಕಂತನ್ನೇ ಸುಮಾರು 1.4 ಕೋಟಿ ಮಂದಿ ನೋಡಿದ್ದರು. ಎರಡನೇ ಸೀಸನ್‌ನಲ್ಲಿ ಪ್ರೇಕ್ಷಕರು ಜಾರತೊಡಗಿದರು. ಆ ನವೆಂಬರ್‌ನಲ್ಲಿ ನಿರ್ಮಾತೃ ಟಿಮ್ ಕ್ರಿಂಗ್ ‘ಎಂಟರ್‌ಟೈನ್‌ಮೆಂಟ್ ವೀಕ್ಲಿ’ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ತಪ್ಪುಗಳನ್ನು ಒಂದೊಂದಾಗಿ ಒಪ್ಪಿಕೊಂಡರು: ವೇಗ ಸಾಲದು, ಹಿರೊ ನಾಕಮುರ ಎಂಬ ಪಾತ್ರವನ್ನು ಹಳೆಯ ಜಪಾನಿನಲ್ಲಿ ಅತಿಯಾಗಿ ಉಳಿಸಿಕೊಂಡೆವು, ಹೊಸ ಪಾತ್ರಗಳನ್ನು ಮುಖ್ಯ ಕಥೆಗೆ ಹೊಂದಿಸದೆ ತಂದೆವು, ಪ್ರೇಮಪ್ರಸಂಗಗಳು ಕೂಡಿಬರಲಿಲ್ಲ. ಸೀಸನ್ ಇನ್ನೂ ಪ್ರಸಾರವಾಗುತ್ತಿರುವಾಗಲೇ ಹೀಗೆ ಒಪ್ಪಿಕೊಳ್ಳುವುದು ಆಗಲೂ ಅಪರೂಪವಾಗಿತ್ತು. ಇಂದು ಯಾವ ನಿರ್ಮಾತೃವಾದರೂ ಹಾಗೆ ಮಾಡಿಯಾರೇ? ನನಗೆ ನಂಬಿಕೆಯಿಲ್ಲ. ಒಪ್ಪಿಕೊಂಡ ಕೂಡಲೇ ಅದು ದಾಳಿಕೋರರ ಗೆಲುವೆಂದು ಮೆರೆಯುತ್ತದೆ. ಬಾಯಿ ಬಿಡದಿರುವುದೇ ಲೇಸು ಎಂಬ ಲೆಕ್ಕಾಚಾರಕ್ಕೆ ರಿವ್ಯೂ ಬಾಂಬಿಂಗ್ ಒಳ್ಳೆಯ ನೆಪ ಒದಗಿಸಿದೆ.

(ಕ್ರಿಂಗ್ ಕಿವಿಗೊಟ್ಟದ್ದರಿಂದ ‘ಹೀರೋಸ್’ ಉಳಿಯಿತೇ ಎಂದರೆ ಅದೂ ಇಲ್ಲ. ಬರಹಗಾರರ ಮುಷ್ಕರದಿಂದ ಆ ಸೀಸನ್ 11 ಕಂತಿಗೇ ಮೊಟಕಾಯಿತು, ಮುಂದಿನವು ಇನ್ನಷ್ಟು ಕುಸಿದವು, 2010ರಲ್ಲಿ ವಾಹಿನಿ ಸರಣಿಯನ್ನೇ ನಿಲ್ಲಿಸಿತು.)

ನೆಪ ಎಂದೆ. ‘ಶೀ ಹಲ್ಕ್: ಅಟಾರ್ನಿ ಅಟ್ ಲಾ’ ಇದನ್ನು ಕಥೆಯೊಳಗೇ ಹೆಣೆದುಕೊಂಡಿತು. 2022ರ ಆಗಸ್ಟ್‌ನಲ್ಲಿ ಡಿಸ್ನಿ ಪ್ಲಸ್‌ನಲ್ಲಿ ಬಂದ ಈ ಸರಣಿಯ ಮೂರನೇ ಕಂತಿನಲ್ಲಿ, ಹೆಣ್ಣು ಹಲ್ಕ್ ಯಾರಿಗೆ ಬೇಕು ಎಂದು ಕೊಂಕು ನುಡಿಯುವ ಸಾಮಾಜಿಕ ಜಾಲತಾಣದ ಪೋಸ್ಟ್‌ಗಳ ಸಾಲೇ ಇದೆ. ಬರೆದದ್ದು ಬಿಡುಗಡೆಗೆ ಬಹಳ ಮೊದಲು. ಬಿಡುಗಡೆಯಾದ ಮೇಲೆ ನಿಜವಾಗಿ ಬಂದ ಪೋಸ್ಟ್‌ಗಳೂ ಹೆಚ್ಚುಕಡಿಮೆ ಅವೇ. ಸರಣಿಯ ನಿರ್ಮಾತೃ ಜೆಸಿಕಾ ಗಾವ್ ತಂಡದ ಜಾಣ್ಮೆಗೆ ನಾನೂ ನಕ್ಕಿದ್ದೆ. ಆದರೆ ಆ ತಮಾಷೆ ಒಂದು ಕೋಟೆಯನ್ನೂ ಕಟ್ಟಿತು. ಹಸಿರು ದೇಹದ ದೃಶ್ಯ ಪರಿಣಾಮ ಹದವಾಗಿಲ್ಲ ಎಂಬ ಟೀಕೆ ಟ್ರೇಲರ್ ಬಂದಾಗಿನಿಂದ ಇತ್ತು, ಅದರ ಹಿಂದೆ ವಿಎಫ್ಎಕ್ಸ್ ಕಲಾವಿದರಿಗೆ ಕೊಡುವ ಸಮಯ, ಕೆಲಸದ ಒತ್ತಡದಂಥ ನಿಜವಾದ ವಿಷಯಗಳಿದ್ದವು. ಕೋಟೆಯ ಹೊರಗೆ ನಿಂತವರೆಲ್ಲ ಸ್ತ್ರೀದ್ವೇಷಿಗಳು ಎಂದಾದ ಮೇಲೆ ಆ ಮಾತೂ ಹೊರಗೇ ಉಳಿಯಿತು.

ಹಾಗಾದರೆ ರಾಜಕೀಯ ಇದ್ದಲ್ಲೆಲ್ಲ ಪ್ರೇಕ್ಷಕರ ಅಂಕ ಬೀಳುತ್ತದೆಯೇ? 2019ರಲ್ಲಿ ಎಚ್‌ಬಿಒದ ‘ವಾಚ್‌ಮೆನ್’ 1921ರ ಟಲ್ಸಾ ಹತ್ಯಾಕಾಂಡದಿಂದ ಕಥೆ ತೆರೆಯಿತು. ಕಪ್ಪುಜನರ ಸಮೃದ್ಧ ಬಡಾವಣೆಯೊಂದನ್ನು ಬಿಳಿಯರ ಗುಂಪು ಸುಟ್ಟು ಹಾಕಿದ ಆ ಘಟನೆ ಅನೇಕ ಅಮೆರಿಕನ್ನರಿಗೆ ಗೊತ್ತಾದದ್ದೇ ಆ ಕಂತಿನಿಂದ. ಸರಣಿಗೆ 11 ಎಮ್ಮಿ ಪ್ರಶಸ್ತಿಗಳು ಬಂದವು. ರಾಟನ್ ಟೊಮ್ಯಾಟೋಸ್‌ನಲ್ಲಿ ಪ್ರೇಕ್ಷಕರ ಅಂಕ ಮಾತ್ರ ವಿಮರ್ಶಕರದ್ದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. ಇದಕ್ಕೆ ತದ್ವಿರುದ್ಧ ‘ಎಕ್ಸ್‌ಮೆನ್ 97’. 2024ರ ಮಾರ್ಚ್‌ನಲ್ಲಿ, ಅಂದರೆ ‘ದಿ ಬಾಯ್ಸ್’ಗಿಂತ ಮೂರೇ ತಿಂಗಳು ಮೊದಲು ಬಂದ ಆ್ಯನಿಮೇಷನ್ ಸರಣಿ. ಮಾರ್ಫ್ ಎಂಬ ಪಾತ್ರದ ಲಿಂಗ ಗುರುತಿನ ಬಗ್ಗೆ ಬಿಡುಗಡೆಗೂ ಮುನ್ನ ಇದೇ ಬಗೆಯ ಕೂಗು ಎದ್ದಿತ್ತು. ಅಲ್ಪಸಂಖ್ಯಾತರ ಮೇಲಿನ ಹಿಂಸೆ ಅದರ ಜೀವಾಳ. ಐದನೇ ಕಂತಿನಲ್ಲಿ ಒಂದು ಇಡೀ ನಾಡೇ ನಾಶವಾಗುತ್ತದೆ. ವಿಮರ್ಶಕರ ಅಂಕವೂ 90ರ ಮೇಲೆ, ಪ್ರೇಕ್ಷಕರ ಅಂಕವೂ 90ರ ಮೇಲೆ. ತೊಂಬತ್ತರ ದಶಕದಲ್ಲಿ ಇದರ ಮೂಲ ಸರಣಿ ನೋಡಿ ಬೆಳೆದವರ ಮಮತೆ ಇಲ್ಲಿ ಕೆಲಸ ಮಾಡಿತು ಎಂಬುದು ನಿಜ. ಅಷ್ಟೇ ಅಲ್ಲ, ಅಲ್ಲಿನ ವೈರಿಗಳು ಇವತ್ತಿನ ಯಾವ ಪಕ್ಷದವರ ಮುಖವನ್ನೂ ಹೋಲುವುದಿಲ್ಲ. ರೂಪಕದ ದೂರ ಪ್ರೇಕ್ಷಕನಿಗೆ ಉಸಿರಾಡಲು ಜಾಗ ಕೊಡುತ್ತದೆ. ‘ದಿ ಬಾಯ್ಸ್’ ಆ ದೂರವನ್ನು ಬೇಕೆಂದೇ ಅಳಿಸಿತು. ಅದು ಧೈರ್ಯವೋ ಸೋಮಾರಿತನವೋ ಎಂಬುದರ ಬಗ್ಗೆ ನಾನು ಇನ್ನೂ ಎರಡು ಮನಸ್ಸಿನಲ್ಲಿದ್ದೇನೆ. ಮೂರನೇ ಸೀಸನ್‌ನ ಆ ಕೇಕೆಯ ದೃಶ್ಯದಲ್ಲಿ ಧೈರ್ಯ, ಫೈರ್‌ಕ್ರ್ಯಾಕರ್‌ಳ ಭಾಷಣಗಳಲ್ಲಿ ಸೋಮಾರಿತನ ಎನ್ನಬಹುದೇನೋ.

ತಾಣಗಳೂ ಕಂಪನಿಗಳೂ ಸುಮ್ಮನೆ ಕೂತಿಲ್ಲ. 2022ರಲ್ಲಿ ಪ್ರೈಮ್ ವಿಡಿಯೊ ತನ್ನ ತಾಣದಲ್ಲಿ ಬರುವ ಅಭಿಪ್ರಾಯಗಳನ್ನು 72 ಗಂಟೆ ತಡೆಹಿಡಿದು, ನಕಲಿ ಎನಿಸಿದವನ್ನು ಸೋಸಿ ಪ್ರಕಟಿಸುವ ಪದ್ಧತಿ ತಂದಿತು. ಅಮೆಜಾನ್‌ನದೇ ಒಡೆತನದ, ಸಿನಿಮಾ ಮತ್ತು ಸರಣಿಗಳ ಮಾಹಿತಿ, ಅಂಕ ಕೊಡುವ ತಾಣ ಐಎಂಡಿಬಿ, ಅಸಹಜ ಮತದಾನ ಕಂಡಾಗ ಲೆಕ್ಕದ ಸೂತ್ರವನ್ನೇ ಬದಲಿಸುತ್ತದೆ. ಆ ಸೂತ್ರ ಯಾವುದೆಂದು ಹೇಳುವುದಿಲ್ಲ. ಇಲ್ಲಿ ಹಿತಾಸಕ್ತಿಯ ಪ್ರಶ್ನೆಯಿದೆ. ಸರಣಿ ತಯಾರಿಸುವ ಕಂಪನಿಯೇ ಅದರ ಅಂಕ ಪ್ರಕಟಿಸುವ ತಾಣದ ಒಡೆಯ, ಯಾವ ಅಭಿಪ್ರಾಯ ಅಸಲಿ ಯಾವುದು ನಕಲಿ ಎಂದು ನಿರ್ಧರಿಸುವವರೂ ಅವರೇ.

ನನ್ನ ಓದಿನ ಅಭ್ಯಾಸ ಸರಳ. ಒಂದು ಸ್ಟಾರ್‌ನವನ್ನೂ ಐದು ಸ್ಟಾರ್‌ನವನ್ನೂ ಪಕ್ಕಕ್ಕಿಟ್ಟು ನಡುವಿನವನ್ನು ಓದುತ್ತೇನೆ. ಕಂತಿನ ಸಂಖ್ಯೆ, ಪಾತ್ರದ ಹೆಸರು, ಯಾವುದೋ ದೃಶ್ಯದ ವಿವರ ಇದ್ದರೆ ಬರೆದವರು ನೋಡಿದ್ದಾರೆ ಎಂದರ್ಥ. ‘ದಿ ಬಾಯ್ಸ್’ ನಾಲ್ಕನೇ ಸೀಸನ್ ಬಗ್ಗೆ ಹಾಗೆ ಓದಿದರೆ ಸಿಗುವುದು ಮೆಟಾಕ್ರಿಟಿಕ್‌ನ ಸರಾಸರಿಗೆ ಹತ್ತಿರದ ಅಭಿಪ್ರಾಯವೇ. ಅಂದರೆ ವಿಮರ್ಶಕರಿಗೂ ಸರಣಿಯನ್ನು ನಿಜವಾಗಿ ನೋಡಿದ ಪ್ರೇಕ್ಷಕರಿಗೂ ನಡುವೆ 90ಕ್ಕೂ 50ಕ್ಕೂ ಇರುವಷ್ಟು ಕಂದಕ ನನಗಂತೂ ಕಾಣುವುದಿಲ್ಲ.

ಇನ್ನು ನೋಡಿದವರ ಸಂಖ್ಯೆ. ಅಂಕ 50ಕ್ಕೆ ಇಳಿದಿದ್ದ ಅದೇ ವಾರಗಳಲ್ಲಿ ಅಮೆರಿಕದ ನೀಲ್ಸನ್ ಸಂಸ್ಥೆಯ ಸ್ಟ್ರೀಮಿಂಗ್ ಪಟ್ಟಿಗಳ ಮುಂಚೂಣಿಯಲ್ಲಿ ‘ದಿ ಬಾಯ್ಸ್’ ಇತ್ತು. ನೀಲ್ಸನ್ ಎಣಿಸುವುದು ಎಷ್ಟು ನಿಮಿಷ ನೋಡಿದರು ಎಂಬುದನ್ನು. ಯಾವ ಕಂತಿನ ಯಾವ ದೃಶ್ಯದಲ್ಲಿ ಎಷ್ಟು ಮಂದಿ ಟಿವಿ ಆರಿಸಿದರು, ಅವರಲ್ಲಿ ಎಷ್ಟು ಮಂದಿ ಮತ್ತೆ ಬರಲೇ ಇಲ್ಲ ಎಂಬ ಲೆಕ್ಕ ಇರುವುದು ಅಮೆಜಾನ್ ಬಳಿ ಮಾತ್ರ. ಟೆಕ್ ನೈಟ್ ಬಂಗಲೆಯ ದೃಶ್ಯದಲ್ಲಿ ಸರಣಿ ಬಿಟ್ಟವರು ಎಷ್ಟು, ಹೋಮ್‌ಲ್ಯಾಂಡರ್ ಖಳ ಎಂದು ಮುನಿಸಿಕೊಂಡು ಬಿಟ್ಟವರು ಎಷ್ಟು ಎಂದು ಅಂದಾಜಿಸಲು ಆ ಲೆಕ್ಕವೊಂದೇ ದಾರಿ. ಅದನ್ನು ಅವರು ಯಾರಿಗೂ ತೋರಿಸುವುದಿಲ್ಲ, ತೋರಿಸಬೇಕಾದ ಅಗತ್ಯವೂ ಅವರಿಗಿಲ್ಲ. 50 ಮತ್ತು 90ರ ಜಗಳದಲ್ಲಿ ಮುಳುಗಿರುವ ನಾವು ಅದನ್ನು ಕೇಳುತ್ತಲೂ ಇಲ್ಲ.